ಸಾಹೇಬರ ಹವಾಮಾನ

ಆ ಆಫೀಸಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ಹವಾಮಾನ ಇಲಾಖೆ’. ಬರಬರುತ್ತ ಅದೂ ಉದ್ದವಾಯಿತೆಂದು ‘ಇಲಾಖೆಯಮ್ಮ’ ಆಗಿಹೋಯಿತು. ಇದು ಆಕೆಯ ಕಿವಿಗೆ ಬಿದ್ದಿರಲಿಲ್ಲ ಎಂದಲ್ಲ. ಬಿದ್ದಿತ್ತು, ಬಿದ್ದಾಗ ಒಂದಿಷ್ಟು ಖುಷಿಯೇ ಆಗಿತ್ತು. ಮನೆಯಲ್ಲಿ ಮಗಳು ತಾಯಿಯ ಮಾತಿಗೆ ಕಿವಿಗೊಡದ ವಯಸ್ಸಿಗೆ ಬಂದಿದ್ದಳು. ಇಲ್ಲಿ ಮಾತ್ರ ಇಡೀ ಆಫೀಸು ಈಕೆ ಏನನ್ನುತ್ತಾಳೋ ಎಂದು ಕಾಯುತ್ತಿತ್ತು.

ಅದು ಲಿಫ್ಟುಗಳ ರಿಪೇರಿ ಗುತ್ತಿಗೆ ಹಿಡಿಯುವ ಕಂಪನಿ. ಊರಿನಲ್ಲಿ ಯಾರಾದರೂ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು ಕಿರುಚಿಕೊಂಡರೆ ಫೋನು ಇಲ್ಲಿಗೆ ಬರುತ್ತಿತ್ತು. ಆಫೀಸು ಇದ್ದದ್ದು ನಾಲ್ಕನೇ ಮಹಡಿಯಲ್ಲಿ, ಮತ್ತು ಆ ಕಟ್ಟಡದ ಲಿಫ್ಟು ಕೆಟ್ಟು ಕೂತು ಬಹಳ ಕಾಲವಾಗಿತ್ತು. ನಗಬೇಡಿ, ನಿಜ. ಮ್ಯಾನೇಜರ್ ಸಾಹೇಬರೂ ದಿನಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿಯೇ ಬರುತ್ತಿದ್ದರು. ನಮ್ಮ ಲಿಫ್ಟನ್ನು ನಾವೇ ರಿಪೇರಿ ಮಾಡೋಣ ಸಾರ್ ಎಂದು ಅವರಿಗೆ ಹೇಳುವವರು ಯಾರು? ಹೇಳಿದರೆ ಹಂಗಿಸಿದ ಹಾಗಾಗುತ್ತದೆ ಎಂದು ಕೆಳಗಿನವರು ಸುಮ್ಮನಿದ್ದರು. ಯಾರಾದರೂ ಹೇಳಲಿ ಎಂದು ಸಾಹೇಬರು ಕಾಯುತ್ತಿದ್ದರೋ ಏನೋ, ಅವರೂ ಸುಮ್ಮನಿದ್ದರು. ಎಲ್ಲರೂ ಉಸಿರು ತಿರುಗಿಸಿಕೊಳ್ಳಲು ನಿಲ್ಲುವ ಮೂರನೇ ಮಹಡಿಯ ತಿರುವಿನಲ್ಲಿ ಕಂಪನಿಯವರು ಒಂದು ದೊಡ್ಡ ಚಿತ್ರ ಅಂಟಿಸಿದ್ದರು. ಅದರಲ್ಲಿ ನಾಲ್ಕೈದು ಜನ ಹಲ್ಲು ಕಿರಿದುಕೊಂಡು ನಿಂತಿದ್ದರು, ಕೆಳಗೆ ‘ನಾವೆಲ್ಲ ಒಂದೇ ಕುಟುಂಬ’ ಎಂದು ಬರೆದಿತ್ತು. ಕುಟುಂಬವೆಂದರೆ ಜಗಳವಾದರೂ ಆಡುತ್ತಾರಪ್ಪಾ, ಇಲ್ಲಿ ಅದೂ ಇಲ್ಲ ಎಂದು ಬಿಲ್ಲಿಂಗ್ ವಿಭಾಗದ ಹೆಂಗಸು ಪ್ರತಿದಿನ ಅದರ ಮುಂದೆ ನಿಂತು ಗೊಣಗುತ್ತಿದ್ದಳು.

ಸಾಹೇಬರು ಕೆಟ್ಟವರೇ? ಕೆಟ್ಟವರು ಎಂದುಬಿಟ್ಟರೆ ಕತೆ ಸಲೀಸಾಗುತ್ತಿತ್ತು. ಅವರಿಗೆ ಬಾಯಿ ಇತ್ತು, ಅಷ್ಟೆ. ಸಿಟ್ಟು ಬಂದಾಗ ಆ ಬಾಯಿಗೆ ದೊಡ್ಡವರು ಚಿಕ್ಕವರು ಎನ್ನುವುದು ಇರುತ್ತಿರಲಿಲ್ಲ. ಆ ಆಫೀಸಿನಲ್ಲಿ ರಜೆ ಬೇಕಾದರೆ ಕಂಪ್ಯೂಟರಿನಲ್ಲಿ ಹಾಕುವ ಮೊದಲು ಸಾಹೇಬರ ಎದುರು ನಿಂತು ಬಾಯಿಬಿಟ್ಟು ಕೇಳಬೇಕು. ಯಾವ ನಿಯಮದಲ್ಲೂ ಬರೆದಿಲ್ಲದ ಪದ್ಧತಿ ಅದು. ಹೋದ ವರ್ಷ ಬಿಲ್ಲಿಂಗ್ ಹೆಂಗಸು ಮಗನ ಪರೀಕ್ಷೆಯೆಂದು ಕೇಳದೆಯೇ ರಜೆ ಹಾಕಿಬಿಟ್ಟಿದ್ದಳು. ಸಾಹೇಬರು ಅದನ್ನು ಸೋಮವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಓದಿ, ಇವರಿಗೆ ಇದು ಆಫೀಸಲ್ಲ, ಲಾಡ್ಜು, ಬೇಕೆಂದಾಗ ಬರುತ್ತಾರೆ ಬೇಡವೆಂದಾಗ ಹೋಗುತ್ತಾರೆ ಎಂದಿದ್ದರು. ಸಂಜೆಯ ಹೊತ್ತಿಗೆ ಅವರು ಮರೆತೂಬಿಟ್ಟರು. ಆಕೆ ಮರೆಯಲಿಲ್ಲ, ಆಫೀಸೂ ಮರೆಯಲಿಲ್ಲ. ಅಂದಿನಿಂದ ಆ ಮೀಟಿಂಗಿನ ಕೊನೆಯಲ್ಲಿ ಸಾಹೇಬರು ‘ಯಾರಿಗಾದರೂ ಏನಾದರೂ ಕೇಳುವುದಿದೆಯೇ’ ಎಂದಾಗ ಎಲ್ಲರೂ ಮೇಜಿನ ಮೇಲೆ ಇರುವೆ ಹುಡುಕತೊಡಗಿದರು.

ಇಂಥಲ್ಲಿ ಸಾಹೇಬರ ಕೋಣೆಯ ಬಾಗಿಲ ಪಕ್ಕದಲ್ಲೇ ಇಲಾಖೆಯಮ್ಮನ ಮೇಜು. ಅವರ ಫೋನು, ಅವರ ಭೇಟಿಗಳು, ಅವರ ಕಾಫಿ ಎಲ್ಲ ಆಕೆಯ ಸುಪರ್ದಿನಲ್ಲಿ. ಸಾಹೇಬರು ಮೆಟ್ಟಿಲು ಹತ್ತುವ ಸದ್ದಿನಿಂದ ಹಿಡಿದು ಚೀಲ ಇಡುವ ಸದ್ದಿನವರೆಗೆ ಕೇಳಿಸಿಕೊಂಡರೆ ಸಾಕು, ಆ ದಿನದ ಅವರ ಮೂಡು ಆಕೆಗೆ ಅಂಗೈ ಮೇಲಿದ್ದಂತೆ. ಮೊದಮೊದಲು ಜನ ಬಂದು ಪಿಸುಗುಟ್ಟಿ ಕೇಳುತ್ತಿದ್ದರು. ಪಿಸುಗುಟ್ಟುವುದು ಒಳಗೆ ಕೇಳಿಸೀತೆಂದು ಆಕೆಯೇ ಒಂದು ಗುರುತು ಮಾಡಿದಳು. ತನ್ನ ನೀಲಿ ನೀರಿನ ಬಾಟಲಿ ಮೇಜಿನ ಎಡಕ್ಕಿದ್ದರೆ ಧೈರ್ಯವಾಗಿ ಒಳಗೆ ಹೋಗಬಹುದು. ಬಲಕ್ಕಿದ್ದರೆ ನಾಳೆ ನೋಡೋಣ. ಬಾಟಲಿ ಮೇಜಿನ ಮೇಲೇ ಇಲ್ಲವೆಂದರೆ ಆ ಕಡೆ ಕೆಮ್ಮಲೂ ಬೇಡಿ. ಕಂಬದ ಮರೆಯಿಂದ ಒಂದು ತಲೆ ಇಣುಕುವುದು, ಬಾಟಲಿ ನೋಡುವುದು, ಹಾಗೇ ಹಿಂದೆ ಸರಿಯುವುದು ದಿನವಿಡೀ ನಡೆದೇ ಇರುತ್ತಿತ್ತು. ಹೊಸದಾಗಿ ಸೇರಿದವರಿಗೆ ಶೌಚಾಲಯ ಎಲ್ಲಿದೆ ಎನ್ನುವುದಕ್ಕಿಂತ ಮೊದಲು ಬಾಟಲಿಯ ಅರ್ಥ ಹೇಳಿಕೊಡುತ್ತಿದ್ದರು. ಸಾಹೇಬರಿಗೆ ಇದರ ವಾಸನೆಯೂ ಹತ್ತಿರಲಿಲ್ಲ. ಹೆಂಗಸು ತುಂಬ ನೀರು ಕುಡಿಯುತ್ತಾಳೆ, ಒಳ್ಳೆಯದು ಎಂದುಕೊಂಡಿದ್ದರು.

ಈ ವಿದ್ಯೆ ಆಕೆ ಆಫೀಸಿನಲ್ಲಿ ಕಲಿತದ್ದಲ್ಲ. ಆಕೆಯ ಅಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿದ್ದವನು, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿ, ಇವತ್ತು ಅಂಕಪಟ್ಟಿಗೆ ಸಹಿ ಕೇಳಬಹುದೋ ಬೇಡವೋ ಎಂದು ಆಕೆ ಒಳಗಿನಿಂದಲೇ ಹೇಳುತ್ತಿದ್ದಳು. ಅಣ್ಣಂದಿರು ಆಕೆಯನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುತ್ತಿದ್ದರು, ಅಮ್ಮನೂ ಆಕೆಯ ಮುಖ ನೋಡಿಯೇ ತಟ್ಟೆ ಇಡುತ್ತಿದ್ದಳು. ಮದುವೆಯಾದ ಮೇಲೆ ಸಿಕ್ಕಿದ ಗಂಡನೋ, ಕನ್ನಡಕದ ಅಂಗಡಿಯವನು, ಆ ಮುಖದಲ್ಲಿ ಓದುವಂಥದ್ದು ಏನೂ ಇರಲಿಲ್ಲ. ಹಸಿವಾದರೆ ಹಸಿವು ಅನ್ನುವನು, ಬೇಸರವಾದರೆ ಬೇಸರ ಅನ್ನುವನು. ಮೊದಲ ಒಂದು ವರ್ಷ ಆಕೆಗೆ ಅದೇ ದೊಡ್ಡ ಭಯವಾಗಿತ್ತು, ಈ ಮನುಷ್ಯ ಏನೋ ಮುಚ್ಚಿಡುತ್ತಿದ್ದಾನೆ ಎಂದು. ಏನೂ ಇಲ್ಲವೆಂದು ನಂಬಿಕೆ ಬರಲು ಮಗಳು ಹುಟ್ಟಬೇಕಾಯಿತು.

ಆ ಸೋಮವಾರ ಬೆಳಿಗ್ಗೆ ಸಾಹೇಬರು ಬರುವ ಮೊದಲೇ ಲಂಬು ಬಂದು ಆಕೆಯ ಮೇಜಿನ ಮುಂದೆ ನಿಂತ. ಯಾವ ಮೆಕ್ಯಾನಿಕ್ ಯಾವ ಕಟ್ಟಡಕ್ಕೆ ಹೋಗಬೇಕೆಂದು ಗೊತ್ತುಮಾಡುವವನು ಅವನು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಅದಕ್ಕೇ ಆ ಹೆಸರು. ಎತ್ತರಕ್ಕೆ ತಕ್ಕ ಧ್ವನಿ ಇರಲಿಲ್ಲ, ಪಾಪದವನು. ಅವನ ಅಕ್ಕನಿಗೆ ಗಂಟಲಲ್ಲಿ ಗೆಡ್ಡೆ ಇರುವುದು ಆಕೆಗೆ ಮೊದಲೇ ಗೊತ್ತಿತ್ತು. ಶುಕ್ರವಾರ ಆಪರೇಷನ್ ಎಂದು ಈಗ ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ, ಜೀವಕ್ಕೇನೂ ಮೋಸವಿಲ್ಲವಂತೆ, ಆದರೆ ಆಮೇಲೆ ಮಾತು ಇಲ್ಲ.

ತಾಯಿ ಹೋದ ಮೇಲೆ ಲಂಬುವನ್ನು ಸಾಕಿದವಳು ಆ ಅಕ್ಕ. ಬಸ್ಸಿನ ಕಂಡಕ್ಟರು. ತುಂಬಿದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರು ಮಾತ್ರವಲ್ಲ, ಪಕ್ಕದ ಬಸ್ಸಿನವನೂ ಬ್ರೇಕ್ ಹಾಕುವಂಥ ಗಂಟಲು. ಅವಳಿದ್ದ ಊರು ಒಂದಿಡೀ ಹಗಲಿನ ದಾರಿ. ಲಂಬು ದಿನಾ ಫೋನು ಮಾಡುತ್ತಿದ್ದ, ಆದರೆ ಹೇಳಬೇಕಾದದ್ದು ಇದೆ, ಫೋನಿನಲ್ಲಿ ಬೇಡ ಎಂದು ಅವಳು ಹಟ ಹಿಡಿದಿದ್ದಳು. ಅವಳ ಮಾತನ್ನು ಲಂಬು ಹಾಗೇ ಒಪ್ಪಿಸಿದ: “ಗಂಟಲಿದ್ದಾಗ ಬಾರೋ. ಆಮೇಲೆ ಬಂದ್ರೆ ಬರೀ ಮುಖ ನೋಡ್ಕೊಂಡು ಕೂರ್ಬೇಕಾಗುತ್ತೆ.”

ಬುಧವಾರ ಬೆಳಿಗ್ಗೆ ಹೊರಟರೆ ಗುರುವಾರ ಪೂರ್ತಿ ಒಂದು ದಿನ ಸಿಗುತ್ತಿತ್ತು. ನಾನು ನೋಡಿಕೊಳ್ಳುತ್ತೇನೆ, ಒಳ್ಳೆ ಹೊತ್ತು ನೋಡಿ ಕಳಿಸುತ್ತೇನೆ, ನೀನು ನಿಶ್ಚಿಂತೆಯಾಗಿರು ಎಂದಳು ಇಲಾಖೆಯಮ್ಮ. ಬಾಯಿಮಾತಿಗೆ ಅಂದದ್ದಲ್ಲ. ಆ ವಾರ ಆಕೆ ಸಾಹೇಬರ ಮುಖವನ್ನು ನೋಡಿದಷ್ಟು ಎಚ್ಚರದಿಂದ ಹಿಂದೆಂದೂ ನೋಡಿರಲಿಲ್ಲ.

ಆದರೆ ಸಾಹೇಬರು ಅಂದು ಬಂದ ರೀತಿಯೇ ಸರಿಯಿರಲಿಲ್ಲ. ಯಾರ ನಮಸ್ಕಾರಕ್ಕೂ ತಿರುಗಿ ಏನನ್ನಲಿಲ್ಲ. ದವಡೆ ಬಿಗಿಹಿಡಿದಿತ್ತು, ಹುಬ್ಬು ಗಂಟಿಕ್ಕಿತ್ತು. ಕಾಫಿ ಮುಟ್ಟದೆ ವಾಪಸು ಬಂತು. ಹೆಡ್ಡಾಫೀಸಿನಿಂದ ಬೈಸಿಕೊಂಡಿರಬೇಕು, ಇನ್ನು ಯಾರ ತಲೆಯ ಮೇಲೆ ಇಳಿಯುತ್ತದೋ ಎಂದು ಇಲಾಖೆಯಮ್ಮ ಬಾಟಲಿಯನ್ನು ತೆಗೆದು ಖಾನೆಯೊಳಗೆ ಇಟ್ಟಳು. ಕಂಬದ ಮರೆಯಿಂದ ಇಣುಕಿದ ಲಂಬುವಿನ ತಲೆ ಮೆಲ್ಲನೆ ಹಿಂದೆ ಹೋಯಿತು. ಮಂಗಳವಾರವೂ ಅದೇ ದವಡೆ, ಅದೇ ಹುಬ್ಬು. ಮಧ್ಯಾಹ್ನ ಲಂಬು ತಡೆಯಲಾರದೆ ಆಕೆಯ ಬಳಿಗೇ ಬಂದ. ಆಗ ಆಕೆ ಹೇಳಿದ ಮಾತು ಆಮೇಲೆ ಎಷ್ಟೋ ದಿನ ಆಕೆಯ ಕಿವಿಯಲ್ಲೇ ಕೂತಿತ್ತು.

“ಇವತ್ತು ಬೇಡ ಕಣಪ್ಪಾ. ಈಗ ಹೋಗಿ ಕೇಳಿ, ಅವರು ಒಂದ್ಸಲ ಇಲ್ಲ ಅಂದ್ಬಿಟ್ರೆ ಮುಗೀತು, ಮತ್ತೆ ಕೇಳೋಕಾಗಲ್ಲ. ನಾಳೆ ಬೆಳಿಗ್ಗೆ ಸರಿಹೋಗ್ತಾರೆ. ನಾಳೆ ಮಧ್ಯಾಹ್ನ ಹೊರಟ್ರೂ ಗುರುವಾರ ನೀನು ಅಲ್ಲಿರ್ತೀಯ.”

ಲೆಕ್ಕ ಸರಿಯಾಗಿಯೇ ಇತ್ತು. ಲಂಬು ತಲೆಯಾಡಿಸಿ ಹೋದ.

ಬುಧವಾರ ಸಾಹೇಬರು ತಡವಾಗಿ ಬಂದರು. ಬಂದವರ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಯಾರನ್ನೋ ಮನಸ್ಸಿನಲ್ಲೇ ಹೀಯಾಳಿಸುತ್ತಿರುವವರ ತುಟಿ ಹಾಗಿರುತ್ತದೆ. ಇಷ್ಟು ವರ್ಷದಲ್ಲಿ ಆ ಮುಖದ ಮೇಲೆ ಇಲಾಖೆಯಮ್ಮ ಅಂಥದ್ದನ್ನು ಕಂಡಿರಲಿಲ್ಲ. ಬರುತ್ತಲೇ ಕೈಸನ್ನೆ ಮಾಡಿ ಎಲ್ಲರನ್ನೂ ಸೋಮವಾರ ತಪ್ಪಿಹೋಗಿದ್ದ ಮೀಟಿಂಗಿಗೆ ಕರೆದರು. ಮೀಟಿಂಗಿನ ಕೋಣೆಗೆ ಹೋಗುವಾಗ ಫೋನುಗಳನ್ನೆಲ್ಲ ಬಾಯಿ ಮುಚ್ಚಿಸಿ ಮೇಜಿನ ನಡುವಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ಹಾಕಬೇಕು, ಮುಗಿಯುವವರೆಗೆ ಮುಟ್ಟುವಂತಿಲ್ಲ. ಇಲಾಖೆಯಮ್ಮ ಮೂಲೆಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತ ಕೂತಿದ್ದಳು.

ಸಾಹೇಬರ ಸಹಾಯಕ ಹೊಸ ಗುತ್ತಿಗೆಗಳ ವಿಷಯ ಓದುತ್ತಿದ್ದಾಗ ತಟ್ಟೆಯಲ್ಲೊಂದು ಫೋನು ಗುಂಯ್ ಎಂದು ನಡುಗಿತು. ನಿಂತಿತು. ಮತ್ತೆ ನಡುಗಿತು. ಪಕ್ಕದ ಫೋನುಗಳಿಗೆ ತಾಗಿ ಕಟಕಟ ಸದ್ದಾಯಿತು. ಎಲ್ಲರಿಗೂ ಕೇಳಿಸಿತು, ಯಾರೂ ಆ ಕಡೆ ನೋಡಲಿಲ್ಲ. ಲಂಬು ಮಾತ್ರ ನೋಡಿದ. ಫೋನು ಅವನದೇ. ಅವನ ಕೈ ಮೇಜಿನ ಅಂಚಿನವರೆಗೆ ಬಂತು. ಅವನು ಸಾಹೇಬರ ಸೊಟ್ಟ ತುಟಿಯನ್ನು ನೋಡಿದ, ಆಮೇಲೆ ಮೂಲೆಯಲ್ಲಿದ್ದ ಇಲಾಖೆಯಮ್ಮನನ್ನು ನೋಡಿದ. ಆಕೆ ಕಣ್ಣಲ್ಲೇ ಬೇಡ ಅಂದಳು. ಕೈ ಹಿಂದೆ ಹೋಯಿತು. ಫೋನು ಇನ್ನೊಂದು ಸಲ ನಡುಗಿ ಸುಮ್ಮನಾಯಿತು.

ಮೀಟಿಂಗು ಮುಗಿದ ತಕ್ಷಣ ಅವನು ಫೋನು ಹಿಡಿದು ಮೆಟ್ಟಿಲ ಬಳಿ ಓಡಿದ. ಎತ್ತಿದ್ದು ಭಾವ. ಶುಕ್ರವಾರ ಆ ಡಾಕ್ಟರಿಗೆ ಬೇರೆಲ್ಲೋ ಹೋಗಬೇಕಾಗಿ ಬಂದಿದ್ದರಿಂದ ಇವತ್ತೇ ಮಾಡಿಬಿಡೋಣ ಎಂದರಂತೆ. ಒಳಗೆ ಕರೆದುಕೊಂಡು ಹೋಗುವ ಮೊದಲು ಅವಳು ತಮ್ಮನ ಹತ್ತಿರ ಮಾತಾಡಬೇಕು ಎಂದಳಂತೆ. ಎರಡು ಸಲ ಮಾಡಿದೆವು, ಇನ್ನೊಂದು ಸಲ ಮಾಡಿ ಅಂದಳು, ಮಾಡಿದೆವು, ನೀನು ಎತ್ತಲಿಲ್ಲ, ಅಷ್ಟರಲ್ಲಿ ಬಂದು ಕರೆದುಕೊಂಡು ಹೋಗಿಬಿಟ್ಟರು ಎಂದು ಭಾವ ಹೇಳಿದ.

ಲಂಬು ವಾಪಸು ಬಂದಾಗ ಬಾಟಲಿ ಎಲ್ಲಿದೆ ಎಂದು ನೋಡಲಿಲ್ಲ. ಬಾಗಿಲು ತಟ್ಟಲೂ ಇಲ್ಲ. ನೇರವಾಗಿ ಸಾಹೇಬರ ಕೋಣೆಗೆ ನುಗ್ಗಿದ. ಒಳಗಿನಿಂದ ಅವನ ಸಣ್ಣ ಧ್ವನಿ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಸಾಹೇಬರ ಧ್ವನಿ, ಬಾಯಲ್ಲಿ ಏನೋ ತುಂಬಿಕೊಂಡವರ ಹಾಗೆ ತೊದಲುತ್ತ, ಹೋಗಪ್ಪಾ, ಈಗಲೇ ಹೋಗು, ಎಷ್ಟು ದಿನ ಬೇಕೋ ಇದ್ದು ಬಾ ಎಂದಿತು. ಲಂಬು ಹೊರಗೆ ಬಂದವನು ಚೀಲ ಎತ್ತಿಕೊಂಡು ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದ.

ಅವನ ಹಿಂದೆಯೇ ಸಾಹೇಬರು ಬಾಗಿಲಿಗೆ ಬಂದು ನಿಂತರು. ಎಡಗೆನ್ನೆ ಉಬ್ಬಿತ್ತು.

“ಸೋಮವಾರದಿಂದ ಇದ್ದ ವಿಷಯವಂತೆ. ನನಗ್ಯಾಕೆ ಯಾರೂ ಹೇಳ್ಲಿಲ್ಲ? ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಸಾರ್. ನೀವು ಸಿಟ್ಟಲ್ಲಿದ್ರಿ, ಅದಕ್ಕೇ ನಾನೇ ತಡೆದೆ.”

“ಸಿಟ್ಟಾ? ನನಗೆ ಹಲ್ಲುನೋವು. ಬೆಳಿಗ್ಗೆ ಕೀಳಿಸ್ಕೊಂಡು ಬಂದೆ, ಇನ್ನೂ ಮರಗಟ್ಟಿದ್ದು ಹೋಗಿಲ್ಲ. ನಾನೇನು ಮನುಷ್ಯ ಅಲ್ವಾ? ಇಂಥದ್ದಕ್ಕೆ ರಜೆ ಕೊಡ್ತಿರಲಿಲ್ವಾ?”

ಈ ಪ್ರಶ್ನೆಯನ್ನು ಅವರು ಇಡೀ ಆಫೀಸಿಗೆ ಕೇಳಿದ್ದರು. ಎಲ್ಲ ತಲೆಗಳೂ ಕೀಬೋರ್ಡಿನ ಮೇಲೆ ಬಗ್ಗಿದ್ದವು. ಇಲಾಖೆಯಮ್ಮನಿಗೆ ಎಲ್ಲಿಂದ ಧೈರ್ಯ ಬಂತೋ, ಕೂತಲ್ಲಿಂದಲೇ ಅವರ ಮುಖವನ್ನು ಓದುವುದಕ್ಕಲ್ಲದೆ ಸುಮ್ಮನೆ ನೋಡಿ ಕೇಳಿದಳು.

“ಹಲ್ಲುನೋವಿರೋವಾಗ ಸೋಮವಾರ ಅವನು ಬಂದು ಕೇಳಿದ್ರೆ, ಕೊಡ್ತಿದ್ರಾ ಸಾರ್?”

ಸಾಹೇಬರು ಬಾಯಿ ತೆರೆದರು. ಕೊಡುತ್ತಿದ್ದೆ ಎನ್ನಲು ಹೊರಟವರು ಬಿಲ್ಲಿಂಗ್ ಹೆಂಗಸಿನ ಬಗ್ಗಿದ ತಲೆಯನ್ನು ಒಮ್ಮೆ ನೋಡಿದರು. ಕೊಡುತ್ತಿದ್ದರೋ ಇಲ್ಲವೋ, ಪಾಪ, ಅವರಿಗೇ ಗೊತ್ತಿರಲಿಲ್ಲ. ಒಳಗೆ ಹೋಗಿ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡರು. ಹಾಗೆ ಮುಚ್ಚಿದ್ದರ ಅರ್ಥವೇನೆಂದು ಇಲಾಖೆಯಮ್ಮನಿಗೆ ಹೊಳೆಯಲಿಲ್ಲ.

ಸಂಜೆ ಆಕೆ ಮನೆಗೆ ಹೋಗದೆ ಗಂಡನ ಅಂಗಡಿಗೆ ಹೋಗಿ ಕೂತು ಎಲ್ಲ ಹೇಳಿದಳು. ಅವನು ಯಾರದೋ ಕನ್ನಡಕಕ್ಕೆ ತಿರುಪು ಹಾಕುತ್ತಿದ್ದ. ನೀನೇನು ರಜೆ ಇಲ್ಲ ಅಂದೆಯಾ, ಇವತ್ತು ಕೇಳಬೇಡ ಅಂದೆ, ಒಳ್ಳೆಯದಕ್ಕೇ ಅಂದೆ ಎಂದು ಸಮಾಧಾನ ಮಾಡಿದ. ಆಕೆಗೆ ಅಳು ಬಂದುಬಿಟ್ಟಿತು.

“ಅದೇ ಕಣ್ರೀ ಆಗಿದ್ದು. ಸಾಹೇಬ್ರು ಇಲ್ಲ ಅಂದಿದ್ರೆ ಅವನು ಜಗಳವಾದ್ರೂ ಆಡ್ತಿದ್ದ, ಕೆಲಸ ಬಿಟ್ಟಾದ್ರೂ ಹೋಗ್ತಿದ್ದ. ನಾನು ಪ್ರೀತಿಯಿಂದ ಬೇಡ ಅಂದೆ. ಪ್ರೀತಿಯಿಂದ ಬೇಡ ಅಂದವರ ಹತ್ರ ಯಾರು ಜಗಳ ಆಡ್ತಾರೆ?”

ಗಂಡ ತಿರುಪುಳಿ ಕೆಳಗಿಟ್ಟ. ಅದಕ್ಕೆ ಹೇಳಲು ಅವನ ಬಳಿ ಏನೂ ಇರಲಿಲ್ಲ, ಏನೂ ಇಲ್ಲ ಎಂದೇ ಹೇಳಿದ.

ಮಾರನೆಯ ದಿನ ಆಕೆ ಬಾಟಲಿಯನ್ನು ಮನೆಯಲ್ಲೇ ಬಿಟ್ಟು ಹೋದಳು. ಇನ್ನು ನನ್ನನ್ನು ಕೇಳಬೇಡಿ, ಬೇಕಾದದ್ದನ್ನು ಒಳಗೆ ಹೋಗಿ ನೀವೇ ಕೇಳಿಕೊಳ್ಳಿ ಎಂದು ಒಬ್ಬೊಬ್ಬರಿಗೂ ಹೇಳಿದಳು. ಜನ ಮೆಚ್ಚಿಕೊಂಡಾರು ಅಂದುಕೊಂಡಿರಾ? ಉರಿದುಬಿದ್ದರು. ಇದೊಂದು ಅನುಕೂಲವಾದರೂ ಇತ್ತು, ಅದನ್ನೂ ಕಿತ್ತುಕೊಂಡಳು ಎಂದು ಬಿಲ್ಲಿಂಗ್ ಹೆಂಗಸು ಊಟಕ್ಕೆ ಜೊತೆಗೆ ಕೂರುವುದನ್ನೇ ಬಿಟ್ಟಳು. ಒಬ್ಬ ಧೈರ್ಯ ಮಾಡಿ ಒಳಗೆ ಹೋದವನು ಚೆನ್ನಾಗಿ ಬೈಸಿಕೊಂಡು ಬಂದು, ನಿಮಗೆ ಈಗ ತೃಪ್ತಿಯಾಯಿತಾ ಎಂದು ಇವಳನ್ನೇ ಕೇಳಿದ. ಇನ್ನೊಬ್ಬ ಹೋಗಿ ಕೇಳಿದ್ದನ್ನು ಪಡೆದುಕೊಂಡು ಬಂದ, ಬಂದವನು ಯಾರಿಗೂ ಹೇಳಲಿಲ್ಲ. ಸಾಹೇಬರು ಒಂದು ವಾರ ತಮ್ಮ ಬಾಗಿಲನ್ನು ತೆರೆದೇ ಇಟ್ಟುಕೊಂಡು ಕೂತರು. ತೆರೆದ ಬಾಗಿಲಿನ ಮುಂದೆ ಜನ ಇನ್ನಷ್ಟು ತಗ್ಗಿ ಓಡಾಡುವುದನ್ನು ನೋಡಿ ಬೇಸತ್ತು ಮತ್ತೆ ಮುಚ್ಚಿಕೊಂಡರು. ಇಲಾಖೆಯಮ್ಮನಿಗೆ ಮಾಡಲು ಕೆಲಸವಿತ್ತು, ಆದರೆ ಮೆಟ್ಟಿಲ ಮೇಲೆ ಆ ಹೆಜ್ಜೆ ಕೇಳಿಸಿದಾಗ ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತಿತ್ತು. ಹಾಕಿದ ಲೆಕ್ಕವನ್ನು ನುಂಗಿಕೊಂಡು ಕೂರುತ್ತಿದ್ದಳು.

ಲಂಬು ಬಂದದ್ದು ಅದಾದ ಮೇಲೆ. ಆಪರೇಷನ್ ಚೆನ್ನಾಗಿ ಆಗಿದೆ ಎಂದು ಸುದ್ದಿ ಮೊದಲೇ ಬಂದಿತ್ತು. ಆಕೆ ಮಧ್ಯಾಹ್ನದವರೆಗೆ ಅವನ ಮೇಜಿನ ಬಳಿಗೆ ಹೋಗಲಿಲ್ಲ. ಕೊನೆಗೆ ಎದ್ದು ಹೋಗಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ತಪ್ಪು ನನ್ನದು ಕಣಪ್ಪಾ, ನಾನು ತಡೆಯಬಾರದಾಗಿತ್ತು ಎಂದಳು. ಬೈಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವನು ಬೈಯಲಿಲ್ಲ. ನಿಮ್ಮದೊಬ್ಬರದೇ ಏನು ಬಂತು ಮೇಡಂ, ಫೋನು ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತಲ್ಲ ಎಂದ.

ಅಕ್ಕ ಹೇಳಬೇಕೆಂದಿದ್ದದ್ದು ಏನಂತೆ ಎಂದು ಆಕೆ ಹೆದರುತ್ತಲೇ ಕೇಳಿದಳು. ಅದನ್ನು ತಾನೂ ಕೇಳಿದೆ ಎಂದ ಲಂಬು. ಅಂಥದ್ದೇನೂ ಇರಲಿಲ್ಲವೋ, ಸುಮ್ಮನೆ ಮಾತಾಡಬೇಕು ಅನ್ನಿಸಿತ್ತು, ಅಮ್ಮ ನಿನ್ನನ್ನು ಕರೆಯುತ್ತಿದ್ದ ಹಾಗೆ ಒಂದು ಸಲ ಕರೆಯಬೇಕು ಅನ್ನಿಸಿತ್ತು ಎಂದು ಅವಳು ಸ್ಲೇಟಿನ ಮೇಲೆ ಬರೆದಳಂತೆ. ಆದರೆ ಅದು ಆಮೇಲೆ ಬರೆದದ್ದು. ಕೈಗೆ ಬಳಪ ಸಿಕ್ಕಿದ ತಕ್ಷಣ ಅವಳು ಎಲ್ಲಕ್ಕಿಂತ ಮೊದಲು ಬರೆದದ್ದು ಬೇರೆ.

“ರಜೆ ಕೊಟ್ರಾ, ನಿಮ್ಮ ಸಾಹೇಬ್ರು ಬೈದ್ರಾ ಅಂತ ಬರೆದ್ಲು ಮೇಡಂ. ಇಲ್ಲ ಅಕ್ಕಾ, ಕೇಳಿದ ತಕ್ಷಣ ಕೊಟ್ರು ಅಂದೆ. ಅದಕ್ಕವಳು, ಮತ್ತೆ ಮೊದಲೇ ಕೇಳೋದಕ್ಕೇನಾಗಿತ್ತೋ ಪೆದ್ದ ಅಂತ ಬರೆದು ನಕ್ಕಳು.”

ಲಂಬು ಮುಂದಿದ್ದ ಮೆಕ್ಯಾನಿಕ್ಕುಗಳ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದ.

“ನಕ್ಕಳು ಮೇಡಂ. ಹೊಟ್ಟೆ ಕುಣಿಯೋ ಹಾಗೆ ನಕ್ಕಳು. ಸದ್ದೇ ಬರಲಿಲ್ಲ.”